ಕನ್ನಡಿಯಂಥ ಬೋರು

ಈ ಸಲದ ಅಂಕಣ ಹುಣಸಗಿಯಿಂದ ಬರೀತಿದ್ದೀನಿ. ಉಗುರಿನ ಸಂದಿಯಲ್ಲಿ ಎಣ್ಣೆಯ ಕಪ್ಪು ಇನ್ನೂ ಹೋಗಿಲ್ಲ. "ಕೈ ತೊಳ್ಕೊಂಡು ಊಟಕ್ಕ ಕೂಡು" ಅಂತ ಅವ್ವ ಎರಡು ಸಲ ಹೇಳಿದಳು. ತೊಳೆದೇ ಕೂತಿದ್ದೆ, ಕಪ್ಪು ಬಿಡಲಿಲ್ಲ ಅಷ್ಟೇ.

ವಿಷಯ ಏನಪ್ಪಾ ಅಂದ್ರೆ, ನಾನೊಂದು ಇಂಜಿನ್ ಕೆಡಿಸಿದೆ. ಕೈಯಿಂದ ಮುಟ್ಟಿ ಕೆಡಿಸಲಿಲ್ಲ. ಬೆಂಗಳೂರಿನಲ್ಲಿ ಕೂತು, ಫೋನಿನಲ್ಲಿ ಬುದ್ಧಿ ಹೇಳಿ ಕೆಡಿಸಿದೆ.

ಅಪ್ಪನ ಬೈಕು 100 ಸಿಸಿಯದು, ಹದಿನಾರು ವರ್ಷ ಹಳೆಯದು. ಹೊಲ, ಕಾಲುವೆ ದಂಡೆ, ಸಂತೆ, ಗೊಬ್ಬರದ ಚೀಲ, ಅವ್ವನ ಮೊಣಕಾಲಿನ ಡಾಕ್ಟರು, ಎಲ್ಲದಕ್ಕೂ ಅದೇ ಬೈಕು. ನಾನು ಪಿಯುಸಿ ಪರೀಕ್ಷೆಗೆ ಸುರಪುರಕ್ಕೆ ಹೋಗಿದ್ದೂ ಅದರ ಹಿಂದಿನ ಸೀಟಿನ ಮೇಲೆ. ಕಳೆದ ದಸರೆಗೆ ಊರಿಗೆ ಬಂದಾಗ ಅದರ ಸೈಲೆನ್ಸರಿನಿಂದ ನೀಲಿ ಹೊಗೆ ಬರ್ತಿತ್ತು. ನೀಲಿ ಹೊಗೆ ಅಂದ್ರೆ ಪೆಟ್ರೋಲಿನ ಜೊತೆ ಇಂಜಿನ್ ಎಣ್ಣೆಯೂ ಉರೀತಿದೆ ಅಂತ ಅರ್ಥ.

"ಹೊಸಾದು ಕೊಡಸ್ತೀನಿ ಅಪ್ಪಾ" ಅಂದೆ.

"ಇದಕ್ಕೇನಾಗ್ಯದ? ಬೋರ್ ಮಾಡಿಸಿದ್ರ ಮತ್ತ ಹತ್ತ ವರ್ಷ ನಡೀತದ" ಅಂದ.

ಬೋರ್ ಅಂದ್ರೆ ಇಂಜಿನ್ನಿನ ಒಳಗೆ ಪಿಸ್ಟನ್ ಓಡಾಡೋ ಕೊಳವೆ. ವರ್ಷಗಟ್ಟಲೆ ಪಿಸ್ಟನ್ನಿನ ರಿಂಗುಗಳು ತಿಕ್ಕಿ ತಿಕ್ಕಿ ಅದು ಸವೆದಿರುತ್ತೆ. ಅದನ್ನು ಕಾಲು ಮಿಲಿಮೀಟರ್ ದೊಡ್ಡದು ಮಾಡಿ, ಅದಕ್ಕೆ ಸರಿಯಾಗಿ ಅಷ್ಟೇ ದೊಡ್ಡ ಪಿಸ್ಟನ್ ಹಾಕೋದೇ ಬೋರ್ ಮಾಡಿಸೋದು. ಕೆಲಸ ಹಿಡಿದವರು ನಾವು ಚಿಕ್ಕಂದಿನಿಂದ ನೋಡಿರೋ ಗ್ಯಾರೇಜಿನ ಚಾಚಾ. ಬ್ಲಾಕನ್ನು ಬೋರಿಂಗ್ ಅಂಗಡಿಗೆ ಕಳಿಸಿ, ಎರಡು ದಿನ ಬಿಟ್ಟು ತರಿಸಿದರು.

ಬ್ಲಾಕ್ ಬಂದಾಗ ನಾನೂ ಅಲ್ಲೇ ಇದ್ದೆ. ಒಳಗೆ ಇಣುಕಿ ನೋಡಿದರೆ ಗೋಡೆಯ ತುಂಬ ಗೀರು! ಎಡಕ್ಕೆ ಓರೆ, ಬಲಕ್ಕೆ ಓರೆ, ಒಂದರ ಮೇಲೊಂದು. ಜಾಳಿಗೆ ಹೆಣೆದ ಹಾಗೆ.

"ಏನ್ರಿ ಚಾಚಾ, ಹೊಸಾ ಬೋರ್ ಅಂತೀರಿ, ಒಳಗ ಕೆರೆದು ಕೊಟ್ಟಾರಲ್ರಿ?"

ಚಾಚಾ ನಕ್ಕರು. "ಕೆರೆದಿಲ್ಲ ತಮ್ಮಾ, ಗೆರಿ ಹಾಕ್ಯಾರ. ಗೆರಿ ಇದ್ರ ಎಣ್ಣಿ ನಿಲ್ತದ. ಎಣ್ಣಿ ನಿಂತ್ರ ಗಾಡಿ ನಿಲ್ಲಂಗಿಲ್ಲ."

ಮಾತು ಚೆನ್ನಾಗಿದೆ ಅನ್ನಿಸ್ತು, ಅಷ್ಟೇ. ತಲೆಯೊಳಗೆ ಇಳೀಲಿಲ್ಲ. ನಮ್ಮ ತಲೆಯಲ್ಲಿ ನುಣುಪು ಅಂದ್ರೆ ಒಳ್ಳೇದು, ಒರಟು ಅಂದ್ರೆ ಕೆಟ್ಟದ್ದು ಅಂತ ಕೂತುಬಿಟ್ಟಿದೆಯಲ್ಲ. ಬೆಂಗಳೂರಿಗೆ ಹೊರಡೋ ಮುಂಚೆ ಅಪ್ಪನಿಗೆ ನನ್ನದೇ ನಿಯಮ ಹೇಳಿದೆ. "ಹೊಸ ಬೋರ್ ಅಪ್ಪಾ, ನಾಜೂಕಾಗಿ ನಡಸು. 30ರ ಮ್ಯಾಲ ಹೋಗಬ್ಯಾಡ. ಮುಂಜಾನೆ ಸ್ಟ್ಯಾಂಡ್ ಹಾಕಿ ಅರ್ಧ ತಾಸು ಚಾಲೂ ಬಿಡು. ಹಿಂದ ಯಾರನ್ನೂ ಕೂಡಿಸ್ಕೋಬ್ಯಾಡ." ವಾರಕ್ಕೊಮ್ಮೆ ಫೋನ್ ಮಾಡಿ ಕೇಳ್ತಿದ್ದೆ. "ನೀ ಹೇಳಿದಂಗ ಮಾಡ್ಲಾಕತ್ತೀನಿ" ಅಂತಿದ್ದ. ಮಗ ಓದಿದಾನೆ, ಮಗ ಹೇಳಿದ್ದು ಸರಿ ಇರ್ತದ ಅನ್ನೋ ನಂಬಿಕೆ.

ಭತ್ತದ ಸುಗ್ಗಿ ಮುಗಿಯೋ ಹೊತ್ತಿಗೆ ಕೊಡೇಕಲ್ ಕಡೆ ಬೀಗರ ಮನೆಯಲ್ಲಿ ಒಂದು ಕಾರ್ಯ ಇತ್ತು. ಅಷ್ಟರಲ್ಲಿ ನನ್ನ ನಿಯಮದ ಅವಧಿ ಮುಗಿದಿತ್ತು ಅಂತ ಅಪ್ಪ ಅವ್ವನನ್ನು ಹಿಂದೆ ಕೂಡಿಸ್ಕೊಂಡು ಹೋದ. ವಾಪಸ್ ಬರುವಾಗ ಕತ್ತಲಾಗಿತ್ತು. ನಡುದಾರಿಯಲ್ಲಿ ಇಂಜಿನ್ ಒಮ್ಮೆ ಕಿರುಗುಟ್ಟಿ, ಹಿಂದಿನ ಗಾಲಿ ಹಿಡಿದಂತಾಗಿ ನಿಂತುಬಿಡ್ತು. ನಿಧಾನ ಹೋಗ್ತಿದ್ದರು, ಬೀಳಲಿಲ್ಲ. ಆದರೆ ಮೊಣಕಾಲು ನೋವಿನ ಅವ್ವ ಒಂದೂವರೆ ತಾಸು ನಡೆದಳು. ಅಪ್ಪ ಪಕ್ಕದಲ್ಲಿ ಬೈಕು ತಳ್ಳಿದ. ಕೊನೆಗೆ ಹುಲ್ಲು ಹೇರಿಕೊಂಡು ಬರ್ತಿದ್ದ ಟ್ರ್ಯಾಕ್ಟರಿನವರು ಹತ್ತಿಸಿಕೊಂಡರು.

ಇದನ್ನು ಅಪ್ಪ ನನಗೆ ಹೇಳಲೇ ಇಲ್ಲ. ಈ ಸಂಕ್ರಾಂತಿಗೆ ಬಂದಾಗ ಎಳ್ಳು ಹಚ್ಚಿದ ರೊಟ್ಟಿ ಬಡೀತಾ ಅವ್ವ ಹೇಳಿದಳು. "ನಿಂಗ ಹೇಳಿದ್ರ ನೀ ಬ್ಯಾಸರ ಮಾಡ್ಕೋತಿ ಅಂತ ನಿಮ್ಮಪ್ಪ ಹೇಳಬ್ಯಾಡ ಅಂದಾನ."

ಮರುದಿನ ನಾನೇ ಬೈಕು ತಳ್ಳಿಕೊಂಡು ಚಾಚಾನ ಹತ್ತಿರ ಹೋದೆ.

ಚಾಚಾ ಇಂಜಿನ್ ಬಿಚ್ಚಿದರು. ಒಳಗೆ ಎಣ್ಣೆ ಅರ್ಧಕ್ಕಿಂತ ಕಡಿಮೆ ಇತ್ತು. ಈ ಬೈಕುಗಳು ಹಿಡಿಯೋದೇ ಒಂದು ಲೀಟರಿಗೂ ಕಡಿಮೆ. ಅದರಲ್ಲಿ ಅರ್ಧ ಹೋದರೆ ಉಳಿಯೋದೇನು? ಹೊಸ ಬೋರ್ ತಾನೇ ಅಂತ ಅಪ್ಪ ಎಣ್ಣೆ ನೋಡಿರಲಿಲ್ಲ, ನಾನೂ ನೋಡು ಅಂತ ಹೇಳಿರಲಿಲ್ಲ. ಬ್ಲಾಕನ್ನು ಬಲ್ಬಿನ ಕೆಳಗೆ ಹಿಡಿದು ನನ್ನನ್ನು ಕರೆದರು.

"ನೋಡು ತಮ್ಮಾ, ಆಗ ಹಾಕಿದ್ದ ಗೆರಿ ಎಲ್ಲಿ ಅದಾವ?"

ಇರಲಿಲ್ಲ. ಒಂದು ಕಡೆ ಮೇಲಿಂದ ಕೆಳಕ್ಕೆ ಉದ್ದುದ್ದ ಗಾಯ, ಪಿಸ್ಟನ್ ಹಿಡಿದುಕೊಂಡಾಗ ಆಗಿದ್ದು. ಉಳಿದ ಕಡೆ ಗೋಡೆ ಫಳಫಳ ಹೊಳೀತಿತ್ತು. ನನ್ನ ಮುಖದ ನೆರಳು ಕಾಣೋ ಹಾಗೆ. ದಸರೆಯಲ್ಲಿ ಬೋರ್ ಹೀಗಿರಬೇಕು ಅಂತ ನಾನು ಅಂದುಕೊಂಡಿದ್ದೆನಲ್ಲ, ಈಗ ಹಾಗೇ ಆಗಿತ್ತು.

ಆ ರಾತ್ರಿ ಮಲಗದೆ ಓದಿದೆ. ಓದಿದ್ದನ್ನು ನಿಮಗೂ ಹೇಳ್ತೀನಿ, ಯಾಕಂದ್ರೆ ನಿಮ್ಮಲ್ಲೂ ಅನೇಕರಿಗೆ ಊರಲ್ಲಿ ಒಬ್ಬ ಅಪ್ಪ, ಒಂದು ಹಳೇ ಗಾಡಿ ಇರುತ್ತೆ.

ನಮ್ಮ ಕಡೆ ಓಡೋ ಸಾಮಾನ್ಯ 100 ಸಿಸಿ ಬೈಕಿನ ಬೋರ್ 50 ಮಿ.ಮೀ. ಅಗಲ, ಪಿಸ್ಟನ್ ಓಡಾಡೋ ದೂರವೂ ಹೆಚ್ಚುಕಡಿಮೆ ಅಷ್ಟೇ. ಇಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗ್ತಿದೆ ಅಂದುಕೊಳ್ಳಿ. ಪ್ರತಿ ಸುತ್ತಿಗೆ ಪಿಸ್ಟನ್ ಎರಡು ಸಲ, ಮೇಲಿನ ತುದಿಯಲ್ಲೊಮ್ಮೆ ಕೆಳಗಿನ ತುದಿಯಲ್ಲೊಮ್ಮೆ, ನಿಂತು ತಿರುಗಬೇಕು. ಅಂದ್ರೆ ನಿಮಿಷಕ್ಕೆ 8000 ಸಲ ನಿಲ್ಲುತ್ತೆ.

ನಿಲ್ಲೋದರಲ್ಲೇ ಇದೆ ತೊಂದರೆ. ಮಳೆಗಾಲದಲ್ಲಿ ಜೋರಾಗಿ ಹೋಗೋ ಟಯರು ನೀರಿನ ಮೇಲೆ ತೇಲಿಬಿಡುತ್ತೆ, ನಿಧಾನವಾದರೆ ಮತ್ತೆ ರಸ್ತೆ ಹಿಡಿಯುತ್ತೆ. ರಿಂಗೂ ಹಾಗೇ. ವೇಗದಲ್ಲಿದ್ದಾಗ ಎಣ್ಣೆಯ ತೆಳು ಪದರದ ಮೇಲೆ ತೇಲಿ ಹೋಗುತ್ತೆ, ಲೋಹಕ್ಕೆ ಲೋಹ ತಾಗಲ್ಲ. ತುದಿಯಲ್ಲಿ ನಿಂತ ಕ್ಷಣ ಆ ಪದರ ತೆಳ್ಳಗಾಗುತ್ತೆ, ಲೋಹ ಲೋಹವನ್ನು ಮುಟ್ಟುತ್ತೆ. ವೇಗ, ಭಾರ, ಎಣ್ಣೆಯ ಗಟ್ಟಿತನ ಈ ಮೂರರ ಜೊತೆ ಘರ್ಷಣೆ ಹೇಗೆ ಬದಲಾಗುತ್ತೆ ಅಂತ ಜರ್ಮನಿಯ ರಿಚರ್ಡ್ ಸ್ಟ್ರೈಬೆಕ್ 1902ರಲ್ಲೇ ಅಳೆದು ತೋರಿಸಿದ್ದ. ಬೋರ್ ಹೆಚ್ಚು ಸವೆಯೋದು ಮೇಲಿನ ತುದಿಯಲ್ಲೇ ಯಾಕೆ ಅಂದ್ರೆ ಇದಕ್ಕೇ.

ಆ ಕ್ಷಣಕ್ಕೆ ಎಣ್ಣೆ ಎಲ್ಲಿಂದ ಬರಬೇಕು? ಗೋಡೆಯ ಗೆರೆಯೊಳಗಿಂದ. ಹೋನಿಂಗ್ ಕಲ್ಲು ಬೋರಿನೊಳಗೆ ತಿರುಗುತ್ತಾ ಮೇಲೆ ಕೆಳಗೆ ಆಡುತ್ತೆ, ಹಾಗಾಗಿ ಗೆರೆಗಳು ಒಂದನ್ನೊಂದು ಓರೆಯಾಗಿ ಕತ್ತರಿಸ್ತವೆ. ಆಳ ಕೆಲವೇ ಮೈಕ್ರಾನು. ನಮ್ಮ ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಪಾಲು ಕಡಿಮೆ. ಗೆರೆಗಳ ನಡುವಿನ ಕೋನ ಸಾಮಾನ್ಯವಾಗಿ 45ರಿಂದ 60 ಡಿಗ್ರಿ. ಇದು ಸುಮ್ಮನೆ ಬಂದ ಲೆಕ್ಕ ಅಲ್ಲ.

ನಮ್ಮ ಕಡೆಯ ಹೊಲ ನೆನಪಿಸಿಕೊಳ್ಳಿ. ಇಳಿಜಾರಿನ ಉದ್ದಕ್ಕೆ ರಂಟೆ ಹೊಡೆದರೆ ಮಳೆ ನೀರು ಸಾಲು ಹಿಡಿದು ಸೀದಾ ಹಳ್ಳಕ್ಕೆ ಹೋಗುತ್ತೆ. ಇಳಿಜಾರಿಗೆ ಅಡ್ಡ ಹೊಡೆದರೆ ಸಾಲಿನಲ್ಲಿ ನಿಲ್ಲುತ್ತೆ. ಬೋರಿನಲ್ಲೂ ಅಷ್ಟೇ. ಗೆರೆ ನೆಟ್ಟಗೆ ಮೇಲಿಂದ ಕೆಳಕ್ಕಿದ್ದರೆ ಎಣ್ಣೆ ಇಳಿದುಹೋಗುತ್ತೆ, ಮೇಲಿನ ಬಿಸಿ ಅನಿಲವೂ ಅದೇ ದಾರಿ ಹಿಡಿದು ಕೆಳಗೆ ಸೋರುತ್ತೆ. ತೀರಾ ಅಡ್ಡ ಆದರೆ ಎಣ್ಣೆ ಬೇಕಾದ್ದಕ್ಕಿಂತ ಹೆಚ್ಚು ನಿಂತು ಉರಿಯೋಕೆ ಶುರುವಾಗುತ್ತೆ. ಓರೆ ಗೆರೆ ಎರಡನ್ನೂ ತೂಗಿಸುತ್ತೆ. ಎಣ್ಣೆ ನಿಲ್ಲುತ್ತೆ, ಗೆರೆಯಿಂದ ಗೆರೆಗೆ ಹರಡುತ್ತೆ ಕೂಡ. ಅಪ್ಪನ ಬೋರಿನಲ್ಲಿ ಎದ್ದಿದ್ದ ಉದ್ದ ಗಾಯವೂ ಗೀರೇ, ಚಾಚಾ ತೋರಿಸಿದ ಓರೆ ಗೆರೆಯೂ ಗೀರೇ. ಒಂದು ಇಂಜಿನ್ ಕೊಲ್ಲುತ್ತೆ, ಇನ್ನೊಂದು ಉಳಿಸುತ್ತೆ.

ಗೀರಿನ ದಿಕ್ಕು ಅಷ್ಟು ಮುಖ್ಯವಾ ಅಂತ ಅನುಮಾನ ಬಂದರೆ, ನಮ್ಮ ಬೆಂಗಳೂರಿನಲ್ಲೇ ಅದಕ್ಕೆ ಉತ್ತರ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರದೀಪ್ ಮೆನೆಜಸ್, ಕಿಶೋರ್, ಸತೀಶ್ ಕೈಲಾಸ್ ಅವರು ಉಕ್ಕಿನ ತಟ್ಟೆಗಳ ಮೇಲೆ ಬೇರೆ ಬೇರೆ ಥರ ಗೆರೆ ಮೂಡಿಸಿ, ಮೆತ್ತನೆಯ ಲೋಹದ ಮೊಳೆಯಂಥ ತುಂಡನ್ನು ಅದರ ಮೇಲೆ ಜಾರಿಸಿ ನೋಡಿದರು. ಒಂದರಲ್ಲಿ ಎಲ್ಲ ಗೆರೆ ಒಂದೇ ದಿಕ್ಕಿಗೆ, ಇನ್ನೊಂದರಲ್ಲಿ ಎಂಟರ ಅಂಕಿಯಂತೆ ತಿರುವಿದ್ದು, ಮತ್ತೊಂದರಲ್ಲಿ ದಿಕ್ಕೇ ಇಲ್ಲದ ಒರಟು. ಗೆರೆಗೆ ಅಡ್ಡಲಾಗಿ ಜಾರಿಸಿದಾಗ ಘರ್ಷಣೆ ಅತಿ ಹೆಚ್ಚು, ದಿಕ್ಕಿಲ್ಲದ ಮೈಯಲ್ಲಿ ಅತಿ ಕಡಿಮೆ. ಮೈ ಎಷ್ಟು ಒರಟು ಅನ್ನೋ ಅಂಕಿಗಿಂತ, ಒರಟುತನ ಯಾವ ಮಾದರಿಯಲ್ಲಿದೆ ಅನ್ನೋದೇ ಹೆಚ್ಚು ಪರಿಣಾಮ ಮಾಡ್ತಿತ್ತು. ಅದು ಇಂಜಿನ್ನಿನ ಪ್ರಯೋಗ ಅಲ್ಲ. ಆದರೆ "ನುಣ್ಣಗಿದೆಯಾ, ಒರಟಾಗಿದೆಯಾ" ಅನ್ನೋ ನನ್ನ ಪ್ರಶ್ನೆಯೇ ಅರ್ಧ ತಪ್ಪು ಅಂತ ಅದರಿಂದ ಗೊತ್ತಾಯ್ತು.

ಇನ್ನು ನನ್ನ ತಪ್ಪಿನ ವಿಷಯ. ಹೊಸ ಬೋರಿನ ಗೆರೆಗಳ ನಡುವೆ ಸಣ್ಣ ಸಣ್ಣ ಚೂಪು ದಿಬ್ಬ ಇರ್ತವೆ. ಮೊದಲ ಕೆಲವು ನೂರು ಕಿಲೋಮೀಟರ್‌ನಲ್ಲಿ ರಿಂಗು ಆ ದಿಬ್ಬಗಳ ತಲೆ ಸವೆಸಿ, ತಾನೂ ಸ್ವಲ್ಪ ಸವೆದು, ಗೋಡೆಗೆ ಸರಿಯಾಗಿ ಕೂತುಕೊಳ್ಳಬೇಕು. ಆಮೇಲೆ ಉಳಿಯೋದು ಮೇಲೆ ಸಮತಟ್ಟು, ನಡುವೆ ಎಣ್ಣೆಯ ಸಾಲು. ಆದರೆ ರಿಂಗನ್ನು ಗೋಡೆಗೆ ಒತ್ತೋದು ಯಾರು? ರಿಂಗಿನ ಸ್ವಂತ ಬಿಗುವು ಸ್ವಲ್ಪ. ಉಳಿದಿದ್ದು, ಪೆಟ್ರೋಲ್ ಉರಿದಾಗ ಹುಟ್ಟೋ ಅನಿಲ ರಿಂಗಿನ ಹಿಂದೆ ಹೊಕ್ಕು ಹೊರಕ್ಕೆ ತಳ್ಳೋ ಒತ್ತಡ. ಗಾಡಿ ಭಾರ ಎಳೆದರೆ ಮಾತ್ರ ಆ ಒತ್ತಡ ಬರುತ್ತೆ. ಸ್ಟ್ಯಾಂಡಿನ ಮೇಲೆ ಅರ್ಧ ತಾಸು ಸುಮ್ಮನೆ ಗುರುಗುಟ್ಟೋ ಇಂಜಿನ್ನಿನಲ್ಲಿ ಒತ್ತಡ ಸಾಲದು. ರಿಂಗು ಕೂರಲ್ಲ. ಅದರ ಪಕ್ಕದಿಂದ ಎಣ್ಣೆ ಮೇಲೇರಿ ಸುಡುತ್ತೆ, ಸುಟ್ಟ ಎಣ್ಣೆ ಅರಗಿನ ಹಾಗೆ ಗೋಡೆಗೆ ಮೆತ್ತಿ ಗೆರೆಗಳನ್ನು ಮುಚ್ಚಿಬಿಡುತ್ತೆ. ಗೋಡೆ ಕನ್ನಡಿ ಆಗುತ್ತೆ. ಮುಚ್ಚಿದ ಮೇಲೆ ರಿಂಗು ಇನ್ನು ಕೂರೋದು ಕಷ್ಟ, ಎಣ್ಣೆ ಮತ್ತಷ್ಟು ಖಾಲಿ.

ಅಪ್ಪ ಪ್ರತಿ ಮುಂಜಾನೆ ತಪ್ಪದೆ ಅರ್ಧ ತಾಸು ಮಾಡಿದ್ದು ಇದನ್ನೇ. ನಾನು ಹೇಳಿದ್ದಕ್ಕೆ.

ಬೆಳಿಗ್ಗೆ ಇದನ್ನೆಲ್ಲ ಅವ್ವನಿಗೆ ವಿವರಿಸೋಕೆ ಹೋದೆ. ಅವಳು ಪೂರ್ತಿ ಕೇಳಲೇ ಇಲ್ಲ. "ಇದನ್ನ ರಾತ್ರೆಲ್ಲಾ ಓದಿದೇನು? ಬೀಸುಕಲ್ಲು ನುಣ್ಣಗಾದ್ರ ಜ್ವಾಳ ಜಾರ್ತದ, ಹಿಟ್ಟು ಬಿಸಿ ಆಗ್ತದ, ರಟ್ಟಿ ಬಿದ್ದು ಹೋಗ್ತಾವ. ಅದಕ್ಕೇ ಕಲ್ಲು ಕಟಿಸ್ತಿದ್ವಿ." ಹಿಂದೆ ಉಳಿ, ಸುತ್ತಿಗೆ ಹಿಡಿದು ಓಣಿ ಓಣಿ ಬರ್ತಿದ್ದರು ಕಲ್ಲು ಕಟಿಯೋರು. ಸವೆದ ಕಲ್ಲಿಗೆ ಟಕ್ ಟಕ್ ಅಂತ ಮತ್ತೆ ಮುಳ್ಳು ಎಬ್ಬಿಸಿ ಹೋಗೋರು. ಕಲ್ಲಿನ ಮೈ ಹೇಗಿರಬೇಕು ಅನ್ನೋ ಲೆಕ್ಕ ಈ ಸೀಮೆಗೆ ಹೊಸದೂ ಅಲ್ಲ. ಇಲ್ಲೇ ಹತ್ತಿರದ ಇಸಾಂಪುರದಲ್ಲಿ ಆದಿಮಾನವರು ಸುಣ್ಣದಕಲ್ಲು ಒಡೆದು ಆಯುಧ ಮಾಡ್ತಿದ್ದ ಜಾಗವನ್ನು ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅಗೆದು ತೋರಿಸಿದಾರೆ. ಅದು ಹತ್ತು ಲಕ್ಷ ವರ್ಷಕ್ಕೂ ಹಳೆಯದು.

ಅವ್ವನ ಹೋಲಿಕೆಯಲ್ಲಿ ಒಂದೇ ವ್ಯತ್ಯಾಸ. ಬೀಸುಕಲ್ಲಿನ ಮುಳ್ಳು ಇರೋದು ಕಾಳನ್ನು ಹಿಡಿದು ಒಡೆಯೋಕೆ. ಬೋರಿನ ಗೆರೆ ಇರೋದು ಎಣ್ಣೆ ಹಿಡಿದು, ಎರಡು ಲೋಹ ಒಂದನ್ನೊಂದು ಹಿಡಿಯದಂತೆ ನೋಡಿಕೊಳ್ಳೋಕೆ. ಒಂದು ಕಡೆ ಒರಟು ಹಿಡಿತ ಕೊಡುತ್ತೆ, ಇನ್ನೊಂದು ಕಡೆ ಜಾರಿಕೆ ಕೊಡುತ್ತೆ. ಎರಡಕ್ಕೂ ಕನ್ನಡಿ ಆಗಬಾರದು ಅಷ್ಟೇ.

ದೊಡ್ಡ ಪ್ರಯೋಗಾಲಯಗಳೂ ಇದೇ ದಾರಿಯಲ್ಲಿ ತುಂಬಾ ಮುಂದೆ ಹೋಗಿವೆ. ಇಸ್ರೇಲಿನ ಟೆಕ್ನಿಯಾನ್ ಸಂಸ್ಥೆಯ ಇಝಾಕ್ ಎಟ್ಸಿಯಾನ್ ಅವರು ಲೇಸರಿನಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳನ್ನು ಲೋಹದ ಮೇಲೆ ತೋಡೋ ವಿಧಾನ ಬೆಳೆಸಿದರು. ಪ್ರತಿ ಗುಳಿ ಒಂದು ಪುಟ್ಟ ಎಣ್ಣೆ ಬಟ್ಟಲು. ಮೇಲೆ ಲೋಹ ಜಾರಿದಾಗ ಆ ಎಣ್ಣೆಯಲ್ಲಿ ಒತ್ತಡ ಹುಟ್ಟಿ, ಎರಡು ಮೈಗಳನ್ನು ಎತ್ತಿ ಹಿಡಿಯುತ್ತೆ. ಪಿಸ್ಟನ್ ರಿಂಗಿಗೆ ಇಂಥ ಗುಳಿ ಹಾಕಿ 2500 ಸಿಸಿ ಡೀಸೆಲ್ ಇಂಜಿನ್ನಿನಲ್ಲಿ ಪರೀಕ್ಷಿಸಿದ ಫಲಿತಾಂಶವನ್ನು 2009ರಲ್ಲಿ ಪ್ರಕಟಿಸಿದರು. ಇಂಧನ ಶೇ 4ರವರೆಗೆ ಉಳಿದಿತ್ತು. ಶೇ 4 ಕಡಿಮೆ ಅನ್ನಿಸಬಹುದು. ಆದರೆ ಕಾರಿಗೆ ಹಾಕಿದ ಇಂಧನದ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬರೀ ಘರ್ಷಣೆ ಗೆಲ್ಲೋಕೆ ಹೋಗುತ್ತೆ ಅಂತ 2012ರಲ್ಲಿ ಹೋಲ್ಮ್‌ಬರ್ಗ್, ಎರ್ಡೆಮಿರ್ ಮತ್ತವರ ಜೊತೆಗಾರರು ಲೆಕ್ಕ ಹಾಕಿದಾರೆ. ಪೆಟ್ರೋಲ್ ಬಂಕಿನಲ್ಲಿ ನಾವು ಕೊಡೋ ಪ್ರತಿ ನೂರರಲ್ಲಿ ಮೂವತ್ತು ಮೂರು ರೂಪಾಯಿ ತಿಕ್ಕಾಟಕ್ಕೇ!

ಗುಳಿ ಹಾಕಿದರೆ ಎಲ್ಲ ಕಡೆ ಲಾಭ ಅಂತಲೂ ಇಲ್ಲ. ಅಳತೆ, ಆಳ, ಜಾಗ ತಪ್ಪಿದರೆ ಘರ್ಷಣೆ ಹೆಚ್ಚೇ ಆಗುತ್ತೆ. ಇನ್ನೊಂದು ಮಜಾ ಕೇಳಿ. ಮರ್ಸಿಡಿಸ್ ಕಾರಿನ ಕೆಲವು ಇಂಜಿನ್ನುಗಳಲ್ಲಿ ನ್ಯಾನೋಸ್ಲೈಡ್ ಅನ್ನೋ ಲೇಪನ ಇದೆ. ಅಲ್ಲಿ ಬೋರ್ ನಿಜಕ್ಕೂ ಕನ್ನಡಿಯಂತೆ ಹೊಳೆಯುತ್ತೆ. ಹಾಗಾದ್ರೆ ನಾನಂದಿದ್ದೇ ಸರಿ ಆಯ್ತಲ್ಲ ಅಂತ ಒಂದು ಕ್ಷಣ ಖುಷಿ ಆಯ್ತು. ಮುಂದೆ ಓದಿದರೆ, ಆ ಕನ್ನಡಿಯ ಮೈ ತುಂಬ ಕಣ್ಣಿಗೆ ಕಾಣದ ರಂಧ್ರಗಳು, ಒಳಗೆ ಎಣ್ಣೆ. ಅಲ್ಲಿಗೂ ಚಾಚಾನ ಮಾತೇ ಗೆದ್ದಿತು.

ಈ ಸಲ ಬ್ಲಾಕಿಗೆ ಅರ್ಧ ಮಿಲಿಮೀಟರ್ ಬೋರ್ ಬಿತ್ತು. ಗೆರೆ ಬಂದವು. ಚಾಚಾ ಅದನ್ನು ನನ್ನ ಕೈಯಲ್ಲೇ ಸೋಪು, ಬಿಸಿನೀರು ಹಾಕಿ ತೊಳೆಸಿದರು. ಬಿಳಿ ಬಟ್ಟೆ ಒರೆಸಿದರೆ ಕಪ್ಪು ಹತ್ತಬಾರದು, ಅಲ್ಲೀವರೆಗೆ ತೊಳಿ ಅಂದರು. ಹೋನಿಂಗ್ ಕಲ್ಲಿನ ಪುಡಿ ಗೆರೆಯಲ್ಲಿ ಉಳಿದರೆ ಅದೇ ಅರದ ಹಾಗೆ ಎಲ್ಲವನ್ನೂ ತಿಂದುಹಾಕುತ್ತೆ. ಉಗುರಿನ ಕಪ್ಪು ಅಲ್ಲಿಂದ ಬಂದಿದ್ದು.

ಇಂಜಿನ್ ಜೋಡಿಸಿ ಚಾಲೂ ಮಾಡಿದ ಮೇಲೆ ಚಾಚಾ ಅಪ್ಪನಿಗೆ ಹೇಳಿದ್ದು ಇಷ್ಟು. ಒಂದು ನಿಮಿಷ ಬಿಸಿಯಾಗಲಿ, ಆಮೇಲೆ ಹೊರಡು. ಸುಮ್ಮನೆ ನಿಲ್ಲಿಸಿ ಚಾಲೂ ಬಿಡಬ್ಯಾಡ. ಪೂರ್ತಿ ಎಕ್ಸಲೇಟರ್ ತಿರುವಬ್ಯಾಡ. ಟಾಪ್ ಗೇರಿನಾಗ ಇಂಜಿನ್ ಹೆಣಗೋ ಹಂಗ ಎಳಿಸಬ್ಯಾಡ. ಒಂದೇ ವೇಗದಾಗ ಹೋಗಬ್ಯಾಡ, ಏರಿಸು, ಇಳಿಸು. ಮೊದಲ ಎಣ್ಣಿ ಜಲ್ದಿ ಬದಲಿಸು. ದಿನಾ ಕಡ್ಡಿ ತೆಗೆದು ಎಣ್ಣಿ ನೋಡು. ನಿಮ್ಮ ಗಾಡಿಯ ಕೈಪಿಡಿಯಲ್ಲೂ ಹೆಚ್ಚುಕಡಿಮೆ ಇದೇ ಇರುತ್ತೆ; ಕಿಲೋಮೀಟರಿನ ಲೆಕ್ಕ ಅದರಲ್ಲಿದ್ದಂತೆ ಮಾಡಿ.

ಆಮೇಲೆ ನನ್ನ ಕಡೆ ತಿರುಗಿ, "ಹಿಂದ ಕೂಡು ತಮ್ಮಾ" ಅಂದರು.

"ನಾನಾ? ಭಾರ ಆಗಂಗಿಲ್ರಿ?"

"ಭಾರ ಆಗ್ಲಿ ಅಂತೇ ಕೂಡಿಸ್ಲಾಕತ್ತೀನಿ."

ಕೂತೆ. ಎಷ್ಟೋ ವರ್ಷದ ಮೇಲೆ ಅಪ್ಪನ ಹಿಂದೆ ಕೂತಿದ್ದೆ. ಕಾಲುವೆ ಪಕ್ಕದ ರಸ್ತೆ, ಎರಡೂ ಕಡೆ ಕೊಯ್ದ ಗದ್ದೆ. ಅಪ್ಪ ಎಕ್ಸಲೇಟರ್ ಏರಿಸ್ತಾ, ಇಳಿಸ್ತಾ ಹೋದ. ಒಂದು ಏರಿನಲ್ಲಿ ಇಂಜಿನ್ ದಮ್ಮು ಕಟ್ಟಿ ಎಳೆದಾಗ ನನಗೆ ಹೆದರಿಕೆ ಆಗಿ ಅವನ ಭುಜ ಹಿಡಿದೆ.

"ಅಪ್ಪಾ, ತಪ್ಪಾತು. ಅರ್ಧ ತಾಸು ಚಾಲೂ ಬಿಡು ಅಂತ ನಾನೇ ಹೇಳಿದ್ದು."

ಗಾಳಿಗೆ ಕೇಳಿಸ್ತೋ ಇಲ್ಲವೋ ಅಂದುಕೊಂಡೆ. ಏರು ಮುಗಿದ ಮೇಲೆ ಅವನೇ ಅಂದ. "ನಾ ಆದ್ರೂ ಚಾಚಾನ್ನ ಒಂದ್ ಮಾತು ಕೇಳಬೇಕಿತ್ತು. ಮಗಾ ಹೇಳ್ಯಾನಂತ ಕೇಳಲಿಲ್ಲ."

ಆರು ದಿನ ಆಯ್ತು. ಬೈಕು ಸುಮಾರು 180 ಕಿ.ಮೀ. ಓಡಿದೆ, ಅರ್ಧ ದೂರ ನಾನು ಹಿಂದೆ ಕೂತ ಭಾರ. ಇವತ್ತು ಮುಂಜಾನೆ ಅಪ್ಪ ಅಂಗಳದಲ್ಲಿ ಎಣ್ಣೆ ಕಡ್ಡಿ ತೆಗೆದು, ಒರೆಸಿ, ಮತ್ತೆ ಅದ್ದಿ, ಬಿಸಿಲಿಗೆ ಹಿಡಿದು ನನ್ನನ್ನು ಕೂಗಿದ. ಎಣ್ಣೆ ಮೇಲಿನ ಗೆರೆಯ ಹತ್ತಿರವೇ ಇತ್ತು. ಮೊದಲ ದಿನ ಎಲ್ಲಿತ್ತೋ ಅಲ್ಲೇ.

"ಫೋಟೋ ತಗೋ. ಬೆಂಗಳೂರಿಗೆ ಹೋದಮ್ಯಾಲ ಫೋನ್ ಮಾಡಿ ಕೇಳ್ತಿ ಅಲಾ" ಅಂದ.

ನಾಳೆ ರಾತ್ರಿ ಬಸ್ಸಿಗೆ ಹೊರಡ್ತಿದ್ದೀನಿ. ಫೋನ್ ಮಾಡ್ತೀನಿ, ಎಣ್ಣೆ ನೋಡಿದ್ಯಾ ಅಂತ ಕೇಳ್ತೀನಿ. ಬೈಕು ಹೇಗೆ ನಡೆಸಬೇಕು ಅನ್ನೋದನ್ನ ಮಾತ್ರ ಚಾಚಾಗೇ ಬಿಟ್ಟಿದ್ದೀನಿ.